ಮೊದಲ ಡಿಕಾಕ್ಷನ್

ಶೆಂಬಗವಲ್ಲಿ ಚಮಚದ ಹಿಡಿಯಿಂದ ಡಬ್ಬದ ತಳ ಕೆರೆದಳು. ಮೂಲೆಗೆ ಅಂಟಿಕೊಂಡಿದ್ದ ಪುಡಿಯೂ ಫಿಲ್ಟರಿಗೆ ಬಿತ್ತು. ಅದರ ಮೇಲೆ ತೂತಿನ ತಟ್ಟೆಯನ್ನಿಟ್ಟು ಮೆಲ್ಲಗೆ ಒತ್ತಿ, ಕುದಿ ನಿಂತ ನೀರನ್ನು ಸುತ್ತಲೂ ಸುರಿದು ಮುಚ್ಚಳ ಮುಚ್ಚಿದಳು.

"ಇಷ್ಟೇನಾ?" ಎಂದಳು ರಾಜಾತ್ತಿ.

"ಇಷ್ಟೇ."

ಅದು ರಾಜಾತ್ತಿಯ ಅಡುಗೆಮನೆ. ಎದುರು ಮನೆಯ ಹಜಾರದಲ್ಲಿ ಶೆಂಬಗವಲ್ಲಿಯ ಅತ್ತೆ ತೈಯಲ್ನಾಯಕಿ ಹೂವಿನ ಹಾರಗಳಡಿ ಮಲಗಿದ್ದರು. ಹೆಣ ಎತ್ತುವವರೆಗೆ ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಬೆಳಗಿನಿಂದ ಬಂದವರಿಗೆಲ್ಲ ಕಾಫಿ ಇಲ್ಲಿಂದಲೇ ಬೀದಿ ದಾಟಿ ಹೋಗುತ್ತಿತ್ತು. ಕುಂಭಕೋಣದಲ್ಲಿ ಬದುಕಿಡೀ ಕಾಫಿಪುಡಿ ಮಾರಿದ ಹೆಂಗಸಿನ ಸಾವಿಗೆ ಹೋಟೆಲಿನಿಂದ ಕಾಫಿ ತರಿಸುವ ಮಾತನ್ನು ಯಾರೂ ಎತ್ತಿರಲಿಲ್ಲ. ಆದರೆ ಅಂಗಡಿಗೆ ನಿನ್ನೆ ಸಂಜೆಯೇ ಬೀಗ ಬಿದ್ದಿತ್ತು. ಬೀಗ ತೆಗೆದರೂ ಪ್ರಯೋಜನವಿರಲಿಲ್ಲ. ಕೊಳ್ಳುವವರು ಎದುರಿಗೆ ಬಂದು ನಿಂತ ಮೇಲೆಯೇ ಬೀಜ ಪುಡಿ ಮಾಡುವುದು ತೈಯಲ್ನಾಯಕಿಯವರ ಕ್ರಮ. ಅಲ್ಲಿ ಮೂಟೆ ತುಂಬ ಬೀಜವಿತ್ತು, ಪುಡಿ ಒಂದು ಚಿಟಿಕೆಯೂ ಇರಲಿಲ್ಲ. ಸಾವಿನ ದಿನ ಯಂತ್ರ ಓಡಿಸುವ ಹಾಗೂ ಇಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಗಂಡನ ಚಿಕ್ಕಪ್ಪ ಕಲಿಯಪೆರುಮಾಳ್. ತೈಯಲ್ನಾಯಕಿಯವರ ಮೈದುನ, ಆ ದಿನದ ಮಟ್ಟಿಗೆ ಮನೆಯ ಹಿರಿಯರು.

"ಎಷ್ಟು ಲೋಟ ಬರುತ್ತಮ್ಮಾ ಅದ್ರಲ್ಲಿ?"

"ಆರೋ ಏಳೋ ಬರಬಹುದು ಮಾವ."

"ಸರಿಹೋಯ್ತು. ಮನ್ನಾರ್‌ಗುಡಿಯಿಂದ ನಮ್ಮ ಬೀಗರು ಬಂದು ಇಳಿದಿದಾರೆ. ಅವರಿಗೆ ಕೊಡು. ಆಮೇಲೆ ಅದೇ ಚರಟದ ಮೇಲೆ ಇನ್ನೊಂದು ಸಲ ಬಿಸಿನೀರು ಹಾಕು, ತಮಟೆಯವರಿಗಾಗುತ್ತೆ. ಕಾಗದದ ಲೋಟ ತರಿಸಿದೀನಿ."

ಶೆಂಬಗವಲ್ಲಿ ಫಿಲ್ಟರಿನ ಮುಚ್ಚಳವನ್ನು ಮತ್ತೊಮ್ಮೆ ಒತ್ತಿದಳು. ಈ ಮನೆಗೆ ಬಂದ ಮೇಲೆ ಆಕೆ ಅವರಿಗೆ ಒಮ್ಮೆಯೂ ಎದುರು ಹೇಳಿರಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು ಮಾವ."

ಅವರು ಹೋದ ಮೇಲೆ ರಾಜಾತ್ತಿ ಗೊಣಗಿದಳು: "ನಾಯಕಿಯಮ್ಮನ ಮನೇಲಿ ಎರಡನೇ ಡಿಕಾಕ್ಷನ್! ಆ ಮುದುಕಿ ಇದನ್ನ ಕೇಳಿಸ್ಕೊಂಡಿದ್ರೆ ಚಟ್ಟದಿಂದ ಎದ್ದು ಬರೋಳು."

"ಎದ್ದು ಬರಲ್ಲ ರಾಜಾತ್ತಿ. ಅದೇ ಕಷ್ಟ."

ಫಿಲ್ಟರಿನ ಕೆಳಪಾತ್ರೆಗೆ ಮೊದಲ ಹನಿ ಬಿದ್ದ ಸದ್ದು ಕೇಳಿಸಿತು.

*

ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಶೆಂಬಗವಲ್ಲಿ ಎಲ್ಲರಿಗೂ ಕಾಫಿ ಕೊಟ್ಟು, ತವರಿನ ಅಭ್ಯಾಸದಂತೆ ಚರಟದ ಮೇಲೆ ಮತ್ತೆ ನೀರು ಹಾಕಿ, ಇಳಿದದ್ದನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡಿದ್ದಳು. ಬಾಯಿಗಿಡುವಷ್ಟರಲ್ಲಿ ಅತ್ತೆ ಬಂದು ಲೋಟ ಕಿತ್ತುಕೊಂಡು ಬಚ್ಚಲಿಗೆ ಚೆಲ್ಲಿದರು. ತಾನೇನು ತಪ್ಪು ಮಾಡಿದೆನೋ ಎಂದು ಹುಡುಗಿ ಗೋಡೆಗೆ ಸರಿದು ನಿಂತಳು.

"ಇದನ್ನ ಯಾರು ಕಲಿಸಿದ್ದು ನಿಂಗೆ?"

"ಅಮ್ಮ."

"ನಿಮ್ಮಮ್ಮಂಗೆ ಅವರತ್ತೆ ಕಲಿಸಿರ್ತಾಳೆ. ನಮ್ಮತ್ತೆ ನಂಗೂ ಕಲಿಸಿದ್ಲು. ಮೊದಲನೇದು ಗಂಡಸರಿಗೆ, ಎರಡನೇದು ಹೆಂಗಸರಿಗೆ, ಮೂರನೇದು ಹಿತ್ತಲಲ್ಲಿ ತೆಂಗಿನ ಚಿಪ್ಪು ಹಿಡ್ಕೊಂಡು ನಿಂತೋರಿಗೆ. ಮೂರನೇ ಸಲಕ್ಕೆ ಅದು ಕಾಫಿ ಮುಖ ತೊಳೆದ ನೀರು ಕಣೇ. ನಿನ್ನ ಚಿಕ್ಕಮಾವ ಕಲಿಯಪೆರುಮಾಳ್ ಮೊದಲನೇದು ಕುಡಿದೂ ಕುಡಿದೂ ಆ ಎತ್ತರ ಬೆಳೆದದ್ದು. ನಾನು ನೋಡು, ಎರಡನೇದರಲ್ಲಿ ಇಷ್ಟಕ್ಕೇ ನಿಂತೆ."

ಅಷ್ಟು ಹೇಳಿ ಕುಳ್ಳಗಿನ ಆ ಹೆಂಗಸು ಹೊಸ ಪುಡಿ ಹಾಕಿ, ಡಿಕಾಕ್ಷನ್ ಇಳಿಯುವವರೆಗೆ ಸೊಸೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ನೀರು ಬೆರೆಸದ ಹಸುವಿನ ಹಾಲಿಗೆ ಅದನ್ನು ಬಿಟ್ಟು, ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ದು, ನೊರೆ ಏಳಿಸಿ ಕೈಗೆ ಕೊಟ್ಟರು. ಹದಿನೆಂಟು ವರ್ಷ ಕಾಫಿ ಎಂದು ತಾನು ಕುಡಿದದ್ದು ಬೇರೇನೋ ಎಂಬುದು ಶೆಂಬಗವಲ್ಲಿಗೆ ಆವತ್ತು ಗೊತ್ತಾಯಿತು.

ಅತ್ತೆ ಚರಟವನ್ನು ತೆಂಗಿನ ಬುಡಕ್ಕೆ ಕೊಡವಿ ಬಂದರು. ಫಿಲ್ಟರ್ ಬರಿದಾದ ಕೂಡಲೇ ಕೊಡವುವುದು. ಇಟ್ಟರೆ ಕೈ ಸುಮ್ಮನಿರುವುದಿಲ್ಲ ಎನ್ನುತ್ತಿದ್ದರು.

*

ಖಾಲಿ ಲೋಟಗಳನ್ನು ತರಲು ಶೆಂಬಗವಲ್ಲಿ ಬೀದಿ ದಾಟಿದಾಗ ಮನೆ ಮುಂದಿನ ಚಪ್ಪರದಡಿ ನಗು ಎದ್ದಿತ್ತು. ತೊಂಬತ್ತು ದಾಟಿ, ಮರಿಮಕ್ಕಳನ್ನು ಎತ್ತಿ ಆಡಿಸಿ ಹೋದವರ ಸಾವು ಕಲ್ಯಾಣ ಸಾವು. ಮದುವೆಯ ದಿಬ್ಬಣದಂತೆ ಕಳಿಸಿಕೊಡಬೇಕು. ಅಲ್ಲಿ ಅಳುವವರಿಗಿಂತ ಕತೆ ಹೇಳುವವರು ಹೆಚ್ಚು. ಈಗ ಹೇಳುತ್ತಿದ್ದವರು ಸರ್ಕಾರಿ ಕಚೇರಿಯೊಂದರಲ್ಲಿ ಪ್ಯೂನ್ ಆಗಿ ನಿವೃತ್ತರಾದ ದಕ್ಷಿಣಾಮೂರ್ತಿ.

"ಆಗ ನಮ್ಮ ಕಚೇರೀಲಿ ಎರಡು ಫಿಲ್ಟರು. ಆಫೀಸರುಗಳಿಗೆ ಒಂದು, ನಮಗೆ ಒಂದು. ಮ್ಯಾನೇಜರ್ರು ನನ್ನ ನಾಯಕಿಯಮ್ಮನ ಹತ್ರ ಕಳಿಸಿದ್ರು, ಎರಡು ಪೊಟ್ಟಣ ತಗೊಂಬಾ, ದೊಡ್ಡೋರಿಗೆ ಒಳ್ಳೇದು, ನಿಮಗೆ ಏನೋ ಒಂದು ಅಂತ. ಈಯಮ್ಮ ಯಾವತ್ತಿನ ಹಾಗೆ ಪ್ರಶ್ನೆ ಶುರು ಮಾಡಿದ್ರು. ಹಾಲು ಎಲ್ಲಿಂದ ಬರುತ್ತೆ? ಬೆಳಿಗ್ಗೆ ಕುಡೀತೀರಾ, ಊಟ ಆದ್ಮೇಲಾ? ಕುಡಿದು ಕೆಲಸ ಮಾಡ್ತೀರಾ, ನಿದ್ದೆ ಮಾಡ್ತೀರಾ? ನಾನಂದೆ, ಅಮ್ಮಾ, ಸರ್ಕಾರಿ ಕಚೇರಿ, ಅದನ್ನ ಮಾತ್ರ ಕೇಳಬೇಡಿ."

ಮತ್ತೆ ನಗು.

"ಎರಡು ಪೊಟ್ಟಣ ಕಟ್ಟಿಕೊಟ್ರು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ ದಾರ. ವರ್ಷಗಟ್ಲೆ ಹಾಗೇ ನಡೀತು. ಒಂದಿನ ಮ್ಯಾನೇಜರ್ರು ನಮ್ಮ ಕಾಫಿ ವಾಸನೆ ಹಿಡಿದು ಒಂದು ಲೋಟ ಕುಡಿದು ನೋಡ್ತಾರೆ, ಅವರದ್ದೇ ರುಚಿ! ಸೀದಾ ಅಂಗಡಿಗೆ ಬಂದ್ರು. ಏನಮ್ಮಾ ಇದು, ಎರಡರಲ್ಲೂ ಒಂದೇ ಪುಡಿ? ಈಯಮ್ಮ ತಲೆ ಕೂಡ ಎತ್ತಲಿಲ್ಲ. ಎರಡು ಪೊಟ್ಟಣ ಕೇಳಿದ್ರಿ, ಎರಡು ಪೊಟ್ಟಣ ಕೊಟ್ಟೆ. ಎರಡು ಥರ ಕೊಡ್ತೀನಿ ಅಂದಿದ್ನಾ? ಅಂದ್ರು."

"ಆಮೇಲೆ?"

"ಆಮೇಲೆ ಏನು, ಮ್ಯಾನೇಜರ್ರು ಒಂದು ಫಿಲ್ಟರ್ ಮಾರಿಸಿದ್ರು!"

ನಗುವಿನ ನಡುವೆ ಶೆಂಬಗವಲ್ಲಿ ಬೀದಿಯ ಆ ತುದಿಗೆ ನೋಡಿದಳು. ತಮಟೆಯ ಐದು ಜನ ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸುತ್ತಿದ್ದರು. ಅವರ ಹಿರಿಯ ವೀರಯ್ಯನ್ ಬೆರಳಿನಿಂದ ತಟ್ಟಿ ಕಿವಿಗೊಟ್ಟು, ಸಾಲದೆಂದು ಮತ್ತೆ ಬೆಂಕಿಗೆ ಹಿಡಿದರು. ಊರಾಚೆಯ ಕೇರಿಯಿಂದ ಬೆಳಗಾಗುವ ಮುಂಚೆ ಹೊರಟು ನಡೆದು ಬಂದವರು. ಇನ್ನೂ ಯಾರೂ ಅವರಿಗೆ ನೀರು ಸಹ ಕೊಟ್ಟಿರಲಿಲ್ಲ.

ಅವಳು ಲೋಟ ತೊಳೆದು ರಾಜಾತ್ತಿಯ ಅಡುಗೆಮನೆಗೆ ಹೋದಾಗ ಡಿಕಾಕ್ಷನ್ ಪೂರ್ತಿ ಇಳಿದಿತ್ತು. ಕಪ್ಪಗೆ, ಗಟ್ಟಿಯಾಗಿ, ಪಾತ್ರೆಯ ಗೋಡೆಗೆ ಕೆಂಪು ಅಂಚು ಬಿಟ್ಟುಕೊಂಡು ನಿಂತಿತ್ತು. ಮೊನ್ನೆ ಅತ್ತೆ ತಾವೇ ಹುರಿದು, ತಾವೇ ಬೆರೆಸಿದ ಪುಡಿ. ಇನ್ನು ಮುಂದೆ ಅವರ ಕೈಯದು ಇಲ್ಲ.

ಫಿಲ್ಟರಿನ ಮೇಲಿನ ಭಾಗವನ್ನು ಎತ್ತಿ ಅವಳು ಬೀದಿಗೆ ಬಂದಳು. ಕಲಿಯಪೆರುಮಾಳ್ ಜಗುಲಿಯ ಮೇಲೆ ಬೀಗರ ಪಕ್ಕ ಕೂತಿದ್ದರು. ಅವರ ಕಣ್ಣೆದುರಿಗೇ, ಬೀದಿಯ ನಡುವೆ, ಶೆಂಬಗವಲ್ಲಿ ಫಿಲ್ಟರನ್ನು ಬೋರಲು ಹಾಕಿ ತಳಕ್ಕೆ ಎರಡೇಟು ಕೊಟ್ಟಳು. ಬಿಸಿ ಚರಟ ಗುಪ್ಪೆಯಾಗಿ ನೆಲಕ್ಕೆ ಬಿತ್ತು.

"ಏ, ಏ! ಏನಮ್ಮಾ ಮಾಡಿದೆ?"

"ಚರಟ ಕೊಡವಿದೆ ಮಾವ."

"ಮತ್ತೆ ತಮಟೆಯವರಿಗೆ?"

"ಮೊದಲನೇದು ಅವರಿಗೇ ಮಾವ. ಕತ್ತಲಲ್ಲಿ ಹೊರಟು ಬಂದಿದಾರೆ."

"ಬೀಗರು ಬಿಸಿಲಲ್ಲಿ ಬಂದು ಕೂತಿದಾರಲ್ಲೇ!"

"ಅವರು ಫ್ಯಾನಿನ ಕೆಳಗೆ ಕೂತಿದಾರೆ."

ಕಲಿಯಪೆರುಮಾಳ್ ಎದ್ದು ನಿಂತರು. ನಿಜಕ್ಕೂ ಎತ್ತರದ ಆಳು.

"ಸಾಮಿನಾಥಾ! ನಿನ್ನ ಹೆಂಡ್ತಿ ಏನು ಮಾಡ್ತಿದಾಳೆ ನೋಡು ಬಾ."

ಅಮ್ಮನ ತಲೆಯ ಬಳಿ ಕೂತಿದ್ದ ಸಾಮಿನಾಥನ್ ಬಾಗಿಲವರೆಗೆ ಬಂದ. ನೆಲದ ಮೇಲಿನ ಕಪ್ಪು ಗುಪ್ಪೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಅವರಿಗೆ ಸಕ್ಕರೆ ಎಷ್ಟು ಅಂತ ಕೇಳಿದ್ಯಾ?" ಎಂದ. ಮತ್ತೆ ಒಳಗೆ ಹೋಗಿ ಅಮ್ಮನ ಬಳಿ ಕೂತ.

ರಾಜಾತ್ತಿಯ ಗಂಡನದು ಹಿತ್ತಾಳೆ ಪಾತ್ರೆಯ ವ್ಯಾಪಾರ. ಆ ಮನೆಯಲ್ಲಿ ಲೋಟ ಬಟ್ಟಲುಗಳಿಗೆ ಬರವಿರಲಿಲ್ಲ. ಶೆಂಬಗವಲ್ಲಿ ಕಾಫಿ ಬೆರೆಸಿ, ಐದು ಹಿತ್ತಾಳೆ ಲೋಟಗಳನ್ನು ಬಟ್ಟಲುಗಳ ಸಮೇತ ತಟ್ಟೆಯಲ್ಲಿಟ್ಟುಕೊಂಡು ಬೀದಿಯುದ್ದ ನಡೆದಳು. ಹೆಜ್ಜೆಗೊಮ್ಮೆ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ವೀರಯ್ಯನ್ ಎದ್ದು ನಿಂತರು. "ಯಾಕಮ್ಮಾ ಇದೆಲ್ಲ. ಕಾಗದದ್ರಲ್ಲೇ ಕೊಟ್ಬಿಡಿ. ನಮ್ ದೆಸೆಯಿಂದ ಮನೇಲಿ ಜಗಳ ಬ್ಯಾಡ."

"ಅತ್ತೆ ಅಂಗಡಿಗೆ ಬಂದಾಗ ಯಾವುದ್ರಲ್ಲಿ ಕುಡೀತಿದ್ರಿ?"

"ಇತ್ತಾಳೇದ್ರಲ್ಲಿ."

"ಇವತ್ತು ಅಂಗಡಿ ಬದಲಾಯ್ತಾ?"

ಅವರು ಲೋಟ ತೆಗೆದುಕೊಂಡರು. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ಆಮೇಲೆ ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹುಯ್ದು ಕುಡಿದರು.

"ಅಜ್ಜಿದೇ," ಎಂದರು ಜೊತೆಯವರಿಗೆ. "ಕುಡೀರೋ. ಇವತ್ತು ಬಾರಿಸೋದು ಕಾವೇರಿ ಆಚೆ ದಡಕ್ಕೆ ಕೇಳಬೇಕು."

*

ತಿರುಗಿ ಬರುವಷ್ಟರಲ್ಲಿ ರಾಜಾತ್ತಿ ತನ್ನ ಜಗುಲಿಯ ಮೇಲೆ ನಿಂತು, ಮೀನು ಮಾರುವವಳ ಗಂಟಲಲ್ಲಿ ಕೂಗುತ್ತಿದ್ದಳು.

"ಮನೇಲಿ ನಾಯಕಿಯಮ್ಮನ ಪುಡಿ ಇರೋರು ತನ್ನಿ! ಫಿಲ್ಟರೂ ತನ್ನಿ! ಬೀಗರು ಒಣಗ್ತಿದಾರೆ!"

ಆ ಬೀದಿಯಲ್ಲಿ ಆ ಪುಡಿ ಇಲ್ಲದ ಮನೆ ಯಾವುದಿತ್ತು? ಒಬ್ಬೊಬ್ಬರೇ ಸೆರಗಿನಡಿ ಡಬ್ಬ, ಕೈಯಲ್ಲಿ ಫಿಲ್ಟರ್ ಹಿಡಿದು ಬಂದರು. ಹಿತ್ತಾಳೆಯವು, ಸ್ಟೀಲಿನವು, ಹಿಡಿ ಮುರಿದವು, ಗೊಂಬೆಯಷ್ಟು ಪುಟ್ಟವು. ಜಗುಲಿಯ ಮೇಲೆ ಸಾಲಾಗಿ ಕೂರಿಸಿದರು. ಮುಚ್ಚಳ ತೆಗೆದಂತೆಲ್ಲ ಶೆಂಬಗವಲ್ಲಿಗೆ ಡಬ್ಬಗಳ ಗುರುತು ಸಿಕ್ಕಿತು. ಇದು ಜೋಯಿಸರ ಮನೆಯದು, ಚಿಕೋರಿ ಸೋಕಿಸದ್ದು, ಅವರದು ಮನೆ ಹಸುವಿನ ಹಾಲು. ಇದು ಏಳು ಮಕ್ಕಳ ಮನೆಯದು, ತೆಳ್ಳನೆ ಹಾಲಿಗೂ ಬಣ್ಣ ಬರಲೆಂದು ಚಿಕೋರಿ ತುಸು ಮುಂದಾದದ್ದು. ಇದು ರಾತ್ರಿ ಪಾಳಿಯ ರೈಲ್ವೆಯವನದು, ಬೀಜವನ್ನು ಕಪ್ಪಿನ ಅಂಚಿನವರೆಗೆ ಹುರಿದದ್ದು. ಅತ್ತೆ ಎಲ್ಲರಿಗೂ ಅವರವರ ಹಾಲು ಕೇಳಿ, ಮನೆಮಂದಿ ಕೇಳಿ, ನಿದ್ದೆ ಕೇಳಿ ಕಟ್ಟಿಕೊಟ್ಟ ಪುಡಿ. ಎಲ್ಲದರಿಂದಲೂ ಹನಿ ಇಳಿಯತೊಡಗಿತು. ಹೂವಿನ ವಾಸನೆ, ಊದುಬತ್ತಿಯ ವಾಸನೆ ಎರಡೂ ಹಿಂದಾಗಿ ಬೀದಿಗೆ ಬೀದಿಯೇ ಕಾಫಿಯಿಂದ ಘಮಘಮಿಸಿತು.

ದಕ್ಷಿಣಾಮೂರ್ತಿ ಸೈಕಲ್ ತುಳಿದು ಕಚೇರಿಗೆ ಹೋಗಿ ಅಲ್ಲಿನ ಪೊಟ್ಟಣ ತಂದಿದ್ದರು. ಅದರ ಡಿಕಾಕ್ಷನ್ನಿನಲ್ಲಿ ಬೆರೆಸಿದ ಲೋಟವನ್ನು ಶೆಂಬಗವಲ್ಲಿಯೇ ಒಯ್ದು ಕಲಿಯಪೆರುಮಾಳ್ ಮುಂದೆ ಹಿಡಿದಳು. ಅವರು ಮುಖ ತಿರುಗಿಸಿದರು. ಬೀಗರು ಆಗಲೇ ಎರಡನೇ ಲೋಟ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಲಿಯಪೆರುಮಾಳರ ಕೈ ತಾನಾಗಿ ಚಾಚಿತು.

ಒಂದು ಗುಟುಕು ಕುಡಿದು ಕೇಳಿದರು: "ಇದು ಆಫೀಸರದ್ದಾ, ಪ್ಯೂನ್‌ದಾ?"

"ಅದು ಗೊತ್ತಾಗೋ ಹಾಗಿದ್ದಿದ್ರೆ ಮ್ಯಾನೇಜರ್ರಿಗೆ ಅಷ್ಟು ವರ್ಷ ಬೇಕಾಗ್ತಿತ್ತಾ ಸಾಮೀ?" ಎಂದರು ದಕ್ಷಿಣಾಮೂರ್ತಿ.

ಕಲಿಯಪೆರುಮಾಳ್ ನಗಲಿಲ್ಲ. ಆದರೆ ಲೋಟವನ್ನು ತಳದವರೆಗೆ ಕುಡಿದು, ಬಾಯೊರೆಸಿಕೊಂಡು, "ಅತ್ತಿಗೆಗೆ ಹಟ," ಎಂದರು. ಶೆಂಬಗವಲ್ಲಿಯ ಕಡೆ ನೋಡಿ, "ಇವಳಿಗೂ," ಎಂದು ಸೇರಿಸಿದರು.

ತಮಟೆ ಮೊಳಗಿತು. ಕಾದ ಚರ್ಮದ ಮೇಲೆ ಕೋಲು ಬಿದ್ದದ್ದೇ ಕಿಟಕಿಯ ಗಾಜು ಅದುರಿತು. ಮೊದಲು ಮರಿಮಕ್ಕಳು, ಆಮೇಲೆ ಮೊಮ್ಮಕ್ಕಳು, ಕೊನೆಗೆ ಬೀಗರೂ ಚಪ್ಪರದಿಂದಿಳಿದು ಕುಣಿದರು. ಚಟ್ಟ ಹೊರಬಂದಾಗ ಪಟಾಕಿ ಸಿಡಿಯಿತು, ಮೇಲಿನಿಂದ ಹಳದಿ ಸೇವಂತಿಗೆಯ ಎಸಳು ಸುರಿಯಿತು. ಹೊತ್ತವರು, ಬಾರಿಸುವವರು, ಕುಣಿಯುವವರು ಎಲ್ಲರೂ ಆ ಕಿರಿದಾದ ಬೀದಿಯ ನಡುವಿನಿಂದಲೇ ಹಾದುಹೋದರು.

ಹೆಂಗಸರು ತಿರುವಿನವರೆಗೆ ಹೋಗಿ ಹಿಂದಿರುಗಿದರು. ಇನ್ನು ಮನೆ ತೊಳೆಯಬೇಕು, ಬಾಗಿಲ ಮುಂದಿನ ಬೀದಿಯನ್ನೂ ತೊಳೆಯಬೇಕು. ರಾಜಾತ್ತಿ ಬಕೆಟ್ಟಿನಲ್ಲಿ ನೀರು ತಂದಿಟ್ಟು ಪೊರಕೆ ಕೊಟ್ಟಳು.

ಶೆಂಬಗವಲ್ಲಿ ಪೊರಕೆ ಹಿಡಿದು ನಿಂತಳು. ತಾನು ಕೊಡವಿದ ಚರಟದ ಗುಪ್ಪೆ ಅಲ್ಲಿರಲಿಲ್ಲ. ಹಳದಿ ಎಸಳುಗಳ ಹಾಸಿನ ಮೇಲೆ ಕಪ್ಪು ಹೆಜ್ಜೆಗಳು, ಬರಿಗಾಲಿನವು, ಚಪ್ಪಲಿಯವು, ಮಕ್ಕಳವು, ಒಂದರ ಮೇಲೊಂದು ಬಿದ್ದು, ಬೀದಿಯುದ್ದ ಸಾಗಿ ಕಾವೇರಿಯ ಕಡೆ ತಿರುಗಿದ್ದವು. ದೂರದಲ್ಲಿ ತಮಟೆ ಇನ್ನೂ ಏರುತ್ತಿತ್ತು. ಅವಳು ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ಜಗುಲಿಯಲ್ಲಿ ಇನ್ನೂ ಡಿಕಾಕ್ಷನ್ ಉಳಿದಿದ್ದ ಫಿಲ್ಟರೊಂದನ್ನು ಎತ್ತಿ, ತನಗೊಂದು ಲೋಟ ಬೆರೆಸಿಕೊಂಡಳು.