ಪುಟಪುಟಕ್ಕೂ ಒಂದು ಕೈ

ತಂಗಿಗೆ ಗಾಯ ಕಂಡರೆ ಆಗದು. ಅದು ಗೊತ್ತಿದ್ದೂ ಅಕ್ಕ ಪೆನ್‌ಡ್ರೈವ್ ತಂದು ಅವಳ ಕೀಲಿಮಣೆಯ ಪಕ್ಕ ಇಟ್ಟಳು.

“ಸುಟ್ಟ ಕೈ ಒಂದರ ಫೋಟೋಗಳು ಕಣೇ. ಮೊದಲ್ನೇ ದಿನದಿಂದ ವಾಸಿಯಾಗೋ ತನಕ ತೆಗೆದಿದ್ದು. ಡಾಕ್ಟರುಗಳ ಸಭೆಗೆ ವರದಿ ಕಳಿಸ್ಬೇಕು. ನಾನು ಒಂದು ಚಿತ್ರ ಸರಿಸಿದ್ರೆ ಉಳಿದವೆಲ್ಲ ದಿಕ್ಕಾಪಾಲಾಗಿ ಓಡ್ತವೆ.”

“ಟೊಮೆಟೊ ಹೆಚ್ಚೋವಾಗ್ಲೇ ಮುಖ ತಿರುಗಿಸೋಳಿಗೆ ಈ ಕೆಲಸ ಕೊಡ್ತೀಯಲ್ಲ!”

“ದಿನಾ ಪುಟ ಕಟ್ಟೋಳು ನೀನು. ಇನ್ಯಾರನ್ನ ಕೇಳ್ಲಿ?”

ಅಕ್ಕ ಸುಟ್ಟಗಾಯಗಳ ವೈದ್ಯೆ. ಮನೆಯ ಮುಂದಿನ ಎರಡು ಕೋಣೆಗಳೇ ಅವಳ ಕ್ಲಿನಿಕ್. ಹಿಂದಿನ ಕೋಣೆಯಲ್ಲಿ ಕುಳಿತು ತಂಗಿ ಪ್ರಕಾಶಕರಿಗೆ ಪುಸ್ತಕಗಳ ಪುಟ ಜೋಡಿಸಿಕೊಡುತ್ತಿದ್ದಳು.

ಕಡತ ತೆರೆದರೆ ಒಳಗೆ ದೊಂಬಿ. ಚಿತ್ರ ಒಂದು ಪುಟದಲ್ಲಿ, ಅದರ ಅಡಿಬರಹ ಮುನಿಸಿಕೊಂಡು ಇನ್ನೊಂದು ಪುಟದಲ್ಲಿ. ಒಂದು ಫೋಟೋ ಅಂತೂ ಅಕ್ಷರಗಳ ಮೇಲೇ ಕಾಲು ಚಾಚಿ ಮಲಗಿತ್ತು. ತಂಗಿ ಅರೆಗಣ್ಣು ಮುಚ್ಚಿಕೊಂಡೇ ಶುರುಮಾಡಿದಳು. ಪುಟಕ್ಕೊಂದು ಕೋಷ್ಟಕ ಹಾಕಿದಳು. ಮೇಲಿನ ಮನೆಯಲ್ಲಿ ಚಿತ್ರ, ಕೆಳಗಿನ ಮನೆಯಲ್ಲಿ ಅಡಿಬರಹ. ಗೆರೆಗಳನ್ನು ಕಾಣದಂತೆ ಮಾಡಿದಳು. ಇನ್ನು ಒಂದನ್ನು ಬಿಟ್ಟು ಒಂದು ಎಲ್ಲಿಗೂ ಓಡುವಂತಿರಲಿಲ್ಲ.

ಆದರೂ ಕಣ್ಣಿಗೆ ಒಗ್ಗಲಿಲ್ಲ. ಕ್ಲಿನಿಕ್ಕಿನ ನರ್ಸಮ್ಮ ಒಂದು ಫೋಟೋ ಹತ್ತಿರದಿಂದ ತೆಗೆದಿದ್ದರೆ ಇನ್ನೊಂದು ದೂರದಿಂದ. ಒಂದರಲ್ಲಿ ಕೈ ನೆಟ್ಟಗೆ, ಮತ್ತೊಂದರಲ್ಲಿ ಓರೆ. ಹಾಗೇ ಬಿಡಲು ತಂಗಿಗೆ ಮನಸ್ಸಾಗಲಿಲ್ಲ. ಮಣಿಕಟ್ಟಿನ ಹತ್ತಿರ ಒಂದು ಕಪ್ಪು ಮಚ್ಚೆಯಿತ್ತು. ಅದನ್ನೇ ಗುರುತಾಗಿಟ್ಟುಕೊಂಡು ಪ್ರತಿ ಚಿತ್ರವನ್ನೂ ದೊಡ್ಡದು ಮಾಡಿ, ತಿರುಗಿಸಿ, ಅಂಚು ಕತ್ತರಿಸಿ, ಮಚ್ಚೆ ಎಲ್ಲ ಪುಟಗಳಲ್ಲೂ ಒಂದೇ ಜಾಗಕ್ಕೆ ಬರುವಂತೆ ಕೂರಿಸಿದಳು. ಮಚ್ಚೆ ಹುಡುಕುವ ಭರದಲ್ಲಿ ಹೆದರಿಕೆ ಎತ್ತ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಎಲ್ಲ ಸರಿಯಾಗಿ ಕೂತಿದೆಯೇ ನೋಡೋಣವೆಂದು ಮೊದಲ ಪುಟಕ್ಕೆ ಹೋಗಿ ಪೇಜ್ ಡೌನ್ ಕೀಲಿಯನ್ನು ಒತ್ತಿ ಹಿಡಿದಳು. ಪುಟಗಳು ಸರಸರನೆ ಓಡಿದವು. ಕೈ ಇದ್ದಲ್ಲೇ ಇತ್ತು, ಗಾಯ ಚಲಿಸಿತು. ಹಸಿ ಕೆಂಪಿನ ಸುತ್ತ ತಿಳಿಗುಲಾಬಿ ಬಣ್ಣದ ಅಂಚೊಂದು ಮೂಡಿ, ಎಲ್ಲ ಕಡೆಯಿಂದಲೂ ಒಳಕ್ಕೆ ತೆವಳಿತು. ಊತ ಉಸಿರು ಬಿಟ್ಟಂತೆ ಇಳಿಯಿತು. ಮುದುಡಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ತಂಗಿಯ ಮೈ ಜುಮ್ಮೆಂದಿತು. “ಅಕ್ಕಾ!”

ಅಕ್ಕ ಗಾಬರಿಯಿಂದ ಓಡಿಬಂದಳು. ತಂಗಿ ಮೊದಲ ಪುಟಕ್ಕೆ ಹೋಗಿ ಮತ್ತೆ ಕೀಲಿ ಒತ್ತಿ ಹಿಡಿದಳು. ಅಕ್ಕ ನಿಂತಲ್ಲೇ ನಿಂತಳು.

“ದಿನಾ ನೋಡಿದ ಕೈ ಇದು,” ಎಂದಳು. “ಇದನ್ನ ಮಾತ್ರ ನೋಡಿರ್ಲಿಲ್ಲ ಕಣೇ.”

ಮರುದಿನ ಬೆಳಿಗ್ಗೆ ಆ ಕೈಯ ಯಜಮಾನ ಹೆಂಡತಿಯೊಂದಿಗೆ ಬಂದ. ಫೋಟೋ ಬಳಸಲು ಒಪ್ಪಿಗೆ ಕೇಳಬೇಕೆಂದು ಅಕ್ಕನೇ ಕರೆಸಿದ್ದಳು. ಬೇಕರಿಯ ಒಲೆಯ ಮುಂದೆ ಕೈ ಸುಟ್ಟುಕೊಂಡವನು. ಪಟ್ಟಿ ಬಿಚ್ಚುವಾಗಲೆಲ್ಲ ಗೋಡೆಯತ್ತ ಮುಖ ಮಾಡುತ್ತಿದ್ದ; ನೋಡುತ್ತಿದ್ದವಳು ಹೆಂಡತಿ.

“ನೋಡ್ತೀರಾ? ಬೇಡ ಅನ್ನಿಸಿದ್ರೆ ಬಿಡಿ,” ಎಂದಳು ಅಕ್ಕ, ಅವರನ್ನು ಹಿಂದಿನ ಕೋಣೆಗೆ ಕರೆತಂದು.

ಅವನು ಹೆಂಡತಿಯ ಮುಖ ನೋಡಿದ. “ನೋಡ್ರೀ, ನಾನಿದ್ದೀನಲ್ಲ,” ಎಂದಳು ಅವಳು.

ಮೊದಲ ಪುಟಕ್ಕೇ ಅವನ ಮುಖ ಬಿಳಿಚಿಕೊಂಡಿತು. ತಂಗಿ ಕೀಲಿ ತೋರಿಸಿದಳು. ವಾಸಿಯಾದ ಅದೇ ಕೈಯಿಂದ ಅವನು ಅದನ್ನು ಒತ್ತಿ ಹಿಡಿದ. ಕೊನೆಯ ಪುಟ ಬರುವಷ್ಟರಲ್ಲಿ ಪರದೆಯ ಮೇಲಿನ ಕೈಗೂ ಕೀಲಿಯ ಮೇಲಿನ ಕೈಗೂ ವ್ಯತ್ಯಾಸವೇ ಉಳಿಯಲಿಲ್ಲ. ಬಹಳ ಹೊತ್ತು ಅವನು ಬೆರಳು ತೆಗೆಯಲಿಲ್ಲ.

“ಇದನ್ನ ಮಾಡಿದ್ದು ನೀವಾ ಡಾಕ್ಟ್ರಮ್ಮ?”

“ನಾನು ತೊಳೆದು ಪಟ್ಟಿ ಕಟ್ಟಿದೆ, ಅಷ್ಟೇ. ಗಾಯ ಮುಚ್ಚಿದ್ದು ನಿಮ್ಮ ಮೈ. ಹೇಗೆ ಅಂತ ಓದಿದ್ದೀನಿ. ಆದ್ರೂ ನೆನ್ನೆಯಿಂದ ಇದನ್ನ ಮತ್ತೆ ಮತ್ತೆ ನೋಡ್ತಿದ್ದೀನಿ.”

“ನಾನು ನಿದ್ದೆ ಮಾಡ್ವಾಗ್ಲೂ?”

“ನಿದ್ದೆ ಮಾಡ್ವಾಗ್ಲೂ.”

“ಈ ಕೈ ಹಾಳಾಗೋಯ್ತು ಅಂತ ಬೈಕೊಂಡು ಕೂತಿರ್ತಿದ್ನಲ್ಲ, ಆಗ್ಲೂ?”

“ಆಗ್ಲೂನೂ!” ಎಂದಳು ಹೆಂಡತಿ. “ವಾಸಿಯಾಗ್ತಿದೆ ಅಂತ ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದ್ದೀರಿ?”

ಎಲ್ಲರೂ ನಕ್ಕರು. ಅವನು ಒಪ್ಪಿಗೆ ಕೊಟ್ಟ. ಒಂದು ಚಿತ್ರವನ್ನೂ ಕೈಬಿಡುವುದಿಲ್ಲವೆಂದು ಅಕ್ಕ ಹೇಳಿದಳು. ಆಮೇಲೆ ಅವನೇ ಪುಟಗಳನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗಿ ಒಂದು ಪುಟದಲ್ಲಿ ನಿಲ್ಲಿಸಿದ. ಕೆಂಪಿನ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಗುಲಾಬಿ ಬಣ್ಣ.

“ಇಲ್ಲಿ ನೋಡೇ, ಶುರುವಾಗಿದ್ದು ಇಲ್ಲಿ,” ಎಂದು ಪರದೆಯ ಹತ್ತಿರ ಬೆರಳು ಒಯ್ದ, ಮುಟ್ಟದೆ. ಹೆಂಡತಿ ಬಗ್ಗಿ ನೋಡಿದಳು. ಮುಂದಿನ ಕೋಣೆಯಲ್ಲಿ ಕಾದಿದ್ದ ರೋಗಿಗಳು ಎರಡು ಸಲ ಕೆಮ್ಮಿದರು. ಒಳಗಿದ್ದ ನಾಲ್ವರಲ್ಲಿ ಒಬ್ಬರೂ ಕದಲಲಿಲ್ಲ.