ಎಡಗಡೆಯ ಹಗ್ಗ

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಯ ಹೊತ್ತಿಗೆ ಬೇಡರ ವೇಷ ಕುಣಿಯುತ್ತದೆ. ವೇಷ ಕಟ್ಟಿದವನು ಬೆನ್ನಿಗೆ ನವಿಲುಗರಿಯ ದೊಡ್ಡ ಚೌಕಟ್ಟು ಬಿಗಿದುಕೊಂಡು, ಕತ್ತಿ ಗುರಾಣಿ ಹಿಡಿದು, ಜನರ ಮೇಲೆ ಎರಗುವವನಂತೆ ಹಾರುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗಗಳನ್ನು ಹಿಂದಿನಿಂದ ಇಬ್ಬರು ಹಿಡಿದಿರುತ್ತಾರೆ. ಜನ ನೋಡುವುದು ವೇಷವನ್ನು. ಹಗ್ಗ ಹಿಡಿದವರ ಮುಖ ಯಾರಿಗೂ ನೆನಪಿರುವುದಿಲ್ಲ. ನಮ್ಮ ಓಣಿಯಲ್ಲಿ ಬಲಗಡೆಯ ಹಗ್ಗ ಕೆರಿಯಪ್ಪನದು, ಎಡಗಡೆಯದು ನನ್ನದು. ವೇಷ ಪವನನದು.

ಪವನ ಸತ್ತದ್ದು ೨೦೦೬ರ ದೀಪಾವಳಿ ಕಳೆದ ಮೇಲೆ. ಟೆಂಪೊ ಓಡಿಸುತ್ತಿದ್ದ. ವಜ್ರಳ್ಳಿ ಹತ್ತಿರದ ತಿರುವಿನಲ್ಲಿ ಅದು ಮಗುಚಿತು. ಯಲ್ಲಾಪುರಕ್ಕೆ ತರುವಷ್ಟರಲ್ಲಿ ಜೀವ ಇರಲಿಲ್ಲ. ಓಣಿಯವರೆಲ್ಲ ಅವನನ್ನು ದೇವರಂಥ ಹುಡುಗ ಎಂದರು. ದೇವರಂಥವನೇನೂ ಅಲ್ಲ. ಬಾಯಿ ತೆರೆದರೆ ಸುಳ್ಳು. ನನ್ನ ಹೊಸ ಅಂಗಿಯನ್ನು ನನಗಿಂತ ಮೊದಲು ಹಾಕಿಕೊಳ್ಳುತ್ತಿದ್ದವನು ಅವನೇ. ಆದರೆ ಒಂದನೇ ಇಯತ್ತೆಯಿಂದ ಈಚೆಗೆ ಅವನಿಲ್ಲದ ಒಂದು ಹೋಳಿಯೂ ನನಗೆ ನೆನಪಿಲ್ಲ. ಆಗ ಅವನು ತೆಂಗಿನ ಗರಿ ಬೆನ್ನಿಗೆ ಸಿಕ್ಕಿಸಿಕೊಂಡು ಹಾರುತ್ತಿದ್ದ, ನಾನು ಅವನ ಅವ್ವನ ಹಳೆ ಸೀರೆಯ ಚೂರನ್ನು ಹಗ್ಗ ಮಾಡಿ ಹಿಡಿಯುತ್ತಿದ್ದೆ. ದೊಡ್ಡವರಾದ ಮೇಲೆ ಹಗ್ಗ ನಿಜದ್ದಾಯಿತು, ಅಷ್ಟೆ.

ಏಳನೇ ಇಯತ್ತೆಯಲ್ಲಿ ಪೇರಲ ಮರದಿಂದ ಬಿದ್ದು ಅವನು ಬಲ ಮೊಣಕಾಲು ಮುರಿದುಕೊಂಡ. ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ನಡೆಯುವಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾರಿ ಇಳಿದರೆ ಮಾತ್ರ ಆ ಕಾಲು ಭಾರ ತಡೆಯುತ್ತಿರಲಿಲ್ಲ. ಅದಕ್ಕೆ ನಾವಿಬ್ಬರೇ ಒಂದು ಉಪಾಯ ಮಾಡಿಕೊಂಡಿದ್ದೆವು. ಅವನು ಗಾಳಿಯಲ್ಲಿರುವಾಗಲೇ ನಾನು ಎಡಗಡೆಯ ಹಗ್ಗವನ್ನು ಒಂದು ಮೊಳ ಸಡಿಲ ಬಿಡಬೇಕು. ಆಗ ಎಡ ಮೈ ಮುಂದೆ ಬಂದು ಎಡಗಾಲು ಮೊದಲು ನೆಲ ಮುಟ್ಟುತ್ತಿತ್ತು. ಮೈ ತಿರುವಿ ಇಳಿಯುವ ಆ ರೀತಿಗೆ ಜನ ಸಿಳ್ಳೆ ಹೊಡೆಯುತ್ತಿದ್ದರು. ಅದೊಂದು ಶೈಲಿ ಎಂದುಕೊಂಡಿದ್ದರು.

ಮರುವರ್ಷ ಹೋಳಿಗೆ ವೇಷ ಕಟ್ಟಲು ಶಶಾಂಕ ಮುಂದೆ ಬಂದ. ಸಿದ್ದಾಪುರ ರಸ್ತೆಯ ಭಟ್ಟರ ಮಗ, ಕಾಲೇಜು ಓದುತ್ತಿದ್ದ. ಹಗ್ಗ ನೀನೇ ಹಿಡಿ ಎಂದು ಓಣಿಯವರು ನನಗೆ ಹೇಳಿದರು. ಹಿಡಿದೆ.

ಸಂಜೆ ಶಾಲೆಯ ಅಂಗಳದಲ್ಲಿ ಅಭ್ಯಾಸ. ಬೈರ ತಮಟೆ ಹೊಡೆದ. ಶಶಾಂಕ ಒಳ್ಳೆಯ ಎತ್ತರಕ್ಕೇ ಹಾರಿದ, ಹಗ್ಗ ತಡೆಯುತ್ತದೆಂದು ನಂಬಿ ಮುಂದಕ್ಕೆ ಬಾಗಿದ. ನನ್ನ ಕೈ ಒಂದು ಮೊಳ ಬಿಟ್ಟಿತು. ಅವನು ಮುಖ ಅಡಿಯಾಗಿ ಬಿದ್ದ.

"ಏ ಮಡಿವಾಳಪ್ಪಾ, ನಿದ್ದಿ ಬಂತನೋ?" ಎಂದ ಬೈರ.

ಶಶಾಂಕ ಮಣ್ಣು ಉಗುಳುತ್ತ ಎದ್ದ. "ಎಂತ ಮಾರಾಯ, ಹಗ್ಗ ಹಿಡಿದಿದ್ಯೋ, ಕರು ಬಿಟ್ಟಿದ್ಯೋ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನ ಎಚ್ಚರದಿಂದಲೇ ನಿಂತೆ. ಬಿಡಬಾರದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ, ಕೈ ಬಿಟ್ಟಾಗಿತ್ತು. ಈ ಸಲ ಅವನ ಗದ್ದ ಒಡೆದು ಅಂಗಿಗೆಲ್ಲ ರಕ್ತ ಬಂತು. ಯಾರೂ ನಗಲಿಲ್ಲ.

"ಹೋಳಿ ದಿನ ಕೈಯಲ್ಲಿ ಕತ್ತಿ ಇರ್ತದೆ," ಎಂದ ಕೆರಿಯಪ್ಪ. "ಹಿಂಗೇ ಬಿದ್ರೆ ಕುತ್ತಿಗೆಗೇ ಬರ್ತದೆ. ಬೇರೆ ಯಾರನ್ನಾದ್ರೂ ನೋಡೂದೇ ಒಳ್ಳೇದು."

ಅವನು ಹೇಳಿದ್ದು ಸರಿ. ಬಿಟ್ಟುಕೊಡುವುದು ನನಗೂ ಸುಲಭವಾಗಿತ್ತು. ಪವನನ ಭಾರ, ಅವನು ಹಾರುವ ಹೊತ್ತು, ಸೆಳೆತ, ಎಲ್ಲವೂ ಈ ಕೈಯಲ್ಲಿ ಇನ್ನೂ ಇದ್ದವು. ಬೇರೆಯವನಿಗೆ ಹಗ್ಗ ಹಿಡಿಯದಿದ್ದರೆ ಅವು ಹಾಗೇ ಇರುತ್ತವೆ.

ಪವನನ ಅವ್ವ ಕಲ್ಲವ್ವ ಬಸ್‌ಸ್ಟ್ಯಾಂಡಿನ ಎದುರು ಹೂ ಮಾರುತ್ತಾಳೆ. ಅವನು ಹೋದ ಮೇಲೆ ಬೆಳಿಗ್ಗೆ ಅವಳ ಹೂವಿನ ಬುಟ್ಟಿಯನ್ನು ಸೈಕಲ್ ಮೇಲೆ ನಾನೇ ಒಯ್ಯುತ್ತಿದ್ದೆ. ಮಾರನೆಯ ಬೆಳಿಗ್ಗೆ ಅವಳು ಪಕ್ಕದಲ್ಲಿ ನಡೆಯುತ್ತ, "ಆ ಭಟ್ಟರ ಹುಡುಗನ ಗದ್ದ ಒಡದಿಯಂತ," ಎಂದಳು.

"ನಾ ಒಡದಿಲ್ಲವ್ವಾ. ಬಿದ್ದ."

"ಬೀಳಲಾರದ ಏನ್ ಮಾಡ್ತಾನ? ನೀ ಪವನನ ಹಗ್ಗ ಹಿಡದಿದ್ದಿ."

ನಾನು ಸೈಕಲ್ ನಿಲ್ಲಿಸಿದೆ. ಆ ಉಪಾಯ ನಮ್ಮಿಬ್ಬರನ್ನು ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

"ಹಡದಾಕಿಗೆ ಮಗನ ಕಾಲು ತಿಳಿಯೂದಿಲ್ಲೇನು?" ಎಂದಳು. "ನನ್ನ ಮಗ ಕುಂಟ. ಈ ಹುಡುಗನ ಕಾಲು ಎರಡೂ ನೆಟ್ಟಗ ಅದಾವ. ಅವನ್ನೂ ಕುಂಟ ಮಾಡ್ತಿಯೇನು?"

"ಅದಕ್ಕ ಹಗ್ಗ ಬ್ಯಾರೆಯವರಿಗೆ ಕೊಟ್ಟಬಿಡ್ತೀನಿ."

"ಕೊಟ್ಟು?"

ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. "ಇದೊಂದು ಕೈಯಾಗ ಉಳದೈತವ್ವಾ. ಹೊಸಾದು ಕಲತರ ಇದೂ ಹೋಗ್ತೈತಿ."

ಕಲ್ಲವ್ವ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಮಾಡಿದಳು. "ನಾ ಹೊಟ್ಟಿಯಾಗ ಇಟಗೊಂಡಾಕಿ. ನನ್ನದ ಉಳೀಲಿಲ್ಲ. ನಿನ್ನ ಕೈಯಾಗಿಂದು ದೊಡ್ಡದೇನು?" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. "ಆ ಹುಡುಗಗೂ ಒಬ್ಬಾಕಿ ತಾಯಿ ಅದಾಳ. ನಡಿ, ಹೂವು ಬಾಡ್ತಾವ."

ಸಂಜೆ ಅಂಗಳಕ್ಕೆ ಹೋದಾಗ ನನ್ನ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ಅವನ ಕೈಯಿಂದ ಹಗ್ಗ ತೆಗೆದುಕೊಂಡು ನನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿದೆ. ಇನ್ನು ಬೆರಳು ಬಿಟ್ಟರೂ ಹಗ್ಗ ಜಾರುವಂತಿರಲಿಲ್ಲ.

ಶಶಾಂಕ ಗದ್ದದ ಪಟ್ಟಿ ಮುಟ್ಟಿ ನೋಡಿಕೊಂಡ. ಸಿಟ್ಟು ಬಂದರೆ ಅವನಿಗೆ ಮನೆಯ ಹವ್ಯಕ ಮಾತೇ ಬರುತ್ತಿತ್ತು. "ಇನ್ನೊಂದ್ ಸಲ ಬಿಟ್ರೆ ಆನು ನಿನ್ನ ಮೇಲೇ ಬೀಳ್ತೆ, ನೋಡು."

"ಬೀಳು," ಎಂದೆ. "ಬೈರಾ, ನಿಧಾನ ಹೊಡಿ."

ಅವನು ಹಾರಿದ. ಬೆರಳುಗಳು ತೆರೆದವು. ಹಗ್ಗ ಮಣಿಕಟ್ಟನ್ನು ಕಚ್ಚಿ ಹಿಡಿಯಿತು, ಚರ್ಮ ಸುಲಿಯಿತು. ಅವನು ಎರಡೂ ಕಾಲಿನ ಮೇಲೆ ಇಳಿದು ನಿಂತ.

"ಎತ್ತು ಜಗ್ಗಿದ ಹಾಂಗೆ ಜಗ್ತ್ಯಲಾ, ಉಸಿರು ಬಿಡೂಲೂ ಬತ್ತಿಲ್ಲೆ," ಎಂದ ಶಶಾಂಕ.

"ಸಡಿಲ ಬೇಕಾ?"

"ಬ್ಯಾಡ, ಬ್ಯಾಡ."

ವಾರವೆಲ್ಲ ಹಾಗೇ ನಡೆಯಿತು. ಶಶಾಂಕನದು ಬೇರೆಯೇ ಭಾರ. ಪವನ ಒಮ್ಮೆಲೇ ಸೆಳೆಯುತ್ತಿದ್ದ. ಇವನು ಮೆಲ್ಲಗೆ ಶುರುಮಾಡಿ ಕೊನೆಗೆ ಜೋರು ಮಾಡುತ್ತಿದ್ದ. ಅದು ತಿಳಿದ ಮೇಲೆ ಹಗ್ಗ ಸುತ್ತಿಕೊಳ್ಳುವ ಅಗತ್ಯ ಬೀಳಲಿಲ್ಲ. ಅವನು ಬೀಳಲೂ ಇಲ್ಲ. ಕೆರಿಯಪ್ಪ ಮತ್ತೆ ಬೇರೆಯವರ ಮಾತು ತೆಗೆಯಲಿಲ್ಲ.

ಹೋಳಿಗೆ ಮೊದಲಿನ ಸಂಜೆ ಅಭ್ಯಾಸ ಮುಗಿದು ಎಲ್ಲರೂ ಚಹಾಕ್ಕೆ ಹೋದರು. ನಾನು ಹಗ್ಗದ ತುದಿಯನ್ನು ಅಂಗಳದ ಕಂಬಕ್ಕೆ ಕಟ್ಟಿ ಬಿಗಿಯಾಗಿ ಹಿಡಿದು ನಿಂತೆ. ಪವನ ಕುಣಿಯುವಾಗಿನ ತಮಟೆಯ ಪೆಟ್ಟುಗಳನ್ನು ಬಾಯಲ್ಲೇ ಹೇಳಿದೆ. ಅವನು ಹಾರುವ ಪೆಟ್ಟು ಬಂತು, ಹೋಯಿತು. ಇನ್ನೊಮ್ಮೆ ಹೇಳಿದೆ. ಬೇಕೆಂದೇ ಬಿಟ್ಟರೆ ಕೈ ಬಿಡುತ್ತಿತ್ತು. ತಾನಾಗಿ ಬಿಡಲಿಲ್ಲ.