ಹವ್ವಮ್ಮ ಕೂತ ಹತ್ತು ಎಕರೆ

ಪೆರ್ಮಂಜ ಗುಡ್ಡೆಯ ಪಡುಮೂಲೆಯಲ್ಲಿ ಈಗ ಆಳೆತ್ತರ ಮೀರಿದ ಕಾಡಿದೆ. ಐವರ್ನಾಡಿನ ಕಡೆ ಹೋಗುವ ಬಸ್ಸಿನಲ್ಲಿ ಯಾರೋ ಅದನ್ನು ತೋರಿಸಿ, "ಇದು ಫಾರೆಸ್ಟಿನ ಧರ್ಮಪಾಲ ಬೆಳೆಸಿದ್ದು" ಎಂದದ್ದನ್ನು ನಾನು ಎರಡು ಸಲ ಕೇಳಿದ್ದೇನೆ. ಧರ್ಮಪಾಲ ನಾನೇ. ಎರಡು ಸಲವೂ ಟಿಕೇಟು ಹುಡುಕುವವನಂತೆ ಜೇಬಿಗೆ ಕೈ ಹಾಕಿ ಕುಳಿತೆ. ಆ ಕಾಡನ್ನು ನಾನು ಬೆಳೆಸಲಿಲ್ಲ.

1957ರ ಕೊನೆಯಲ್ಲಿ ನನ್ನನ್ನು ಆ ಗುಡ್ಡೆಗೆ ಹಾಕಿದರು. ಅರವತ್ತು ಎಕರೆ ಸರಕಾರಿ ಜಾಗ. ಕಾಡು ಹೋದಲ್ಲಿ ಮತ್ತೆ ಕಾಡು ಎಬ್ಬಿಸಬೇಕು, ಅದರ ಯೋಜನೆಯನ್ನು ನಾನೇ ಬರೆಯಬೇಕು. ಯುದ್ಧದ ವರ್ಷಗಳಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದಾಗ ಅಲ್ಲಿನ ದೊಡ್ಡ ಮರಗಳೆಲ್ಲ ಇದ್ದಿಲಾಗಿದ್ದವು. ಉಳಿದ ಬುಡಗಳು ಚಿಗುರಿದಂತೆಲ್ಲ ಹೆಂಗಸರು ತೋಟದವರ ಗೊಬ್ಬರಕ್ಕಾಗಿ ಸೊಪ್ಪು ಕಡಿದು ಒಯ್ಯುತ್ತಿದ್ದರು. ಹೀಗೆ ಕಡಿಸಿಕೊಂಡು ಮೊಣಕಾಲೆತ್ತರಕ್ಕೇ ನಿಂತುಹೋದ ಬುಡವನ್ನು ಇಲ್ಲಿಯವರು ಕುತ್ತಿ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಬರೀ ಕುರುಚಲು.

ನಾನು ಕಬಕದವನು. ಹಗಲು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು, ಪುತ್ತೂರಿನ ಸಂಜೆ ತರಗತಿಯಲ್ಲಿ ಮೂರು ವರ್ಷ ಕೂತು ಪರೀಕ್ಷೆ ಪಾಸಾದವನು. ನನಗೆ ಗೊತ್ತಿಲ್ಲದ್ದು ಬೇರೆಯವರಿಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ ಯಾವಾಗಲೂ ಇತ್ತು. ಹಾಗಾಗಿ ಅಚ್ಚಾದ ಮಾತನ್ನು ಬಿಟ್ಟು ಆಚೆ ಈಚೆ ಹೋಗುತ್ತಿರಲಿಲ್ಲ. ಕೈಗೆ ಸಿಕ್ಕಿದ ಒಂದು ಪುಸ್ತಕದಲ್ಲಿ, ಸಸಿ ನೆಡುವ ಮೊದಲು ಕುರುಚಲನ್ನು ಬೇರುಸಮೇತ ತೆಗೆಯತಕ್ಕದ್ದು ಎಂದಿತ್ತು. ಅದನ್ನೇ ಯೋಜನೆಯಲ್ಲಿ ಬರೆದೆ. ಆ ಪುಸ್ತಕ ಬಯಲುಸೀಮೆಯ ಬೀಳು ಭೂಮಿಗಾಗಿ ಬರೆದದ್ದೆಂದು ಅದರ ಮುನ್ನುಡಿಯಲ್ಲೇ ಇತ್ತು. ನಾನು ಮುನ್ನುಡಿ ಓದಿರಲಿಲ್ಲ.

ಫೆಬ್ರವರಿಯಲ್ಲಿ ಅಗೆಯುವ ಕೆಲಸ ಶುರುವಾಯಿತು. ಮೂವತ್ತು ಆಳು, ಅವರ ಮೇಲೆ ಪೋಕರ್ ಮೇಸ್ತ್ರಿ. ಮೊದಲನೆಯ ದಿನವೇ ಪೋಕರ್ ಒಂದು ಬೇರನ್ನು ಕೆರೆದು ನನ್ನ ಮುಂದೆ ಹಿಡಿದ.

"ಇದು ಸತ್ತದ್ದಲ್ಲ ಸ್ವಾಮೀ. ನೋಡಿ, ಒಳಗೆ ಹಸಿ ಉಂಟು."

"ತೆಗೆಯಬೇಕು ಅಂತ ಪ್ಲಾನಿನಲ್ಲಿ ಉಂಟು, ಪೋಕರ್."

"ಪ್ಲಾನು ಬರೆದದ್ದು ಯಾರು?"

"ನಾನೇ."

"ಹಾಗಾದರೆ ನಾನು ಕೇಳುದು ಸರಿಯಾದವರ ಹತ್ತಿರವೇ ಅಲ್ವಾ?"

ಆಳುಗಳು ನಕ್ಕರು. ನಾನು ನಕ್ಷೆಯನ್ನು ಸುರುಳಿ ಸುತ್ತಿ ಆಚೆ ಹೋದೆ.

ಐವತ್ತು ಎಕರೆ ಮುಗಿದು ಪಡುಮೂಲೆಗೆ ಬಂದಾಗ ಅಲ್ಲಿ ಹವ್ವಮ್ಮ ಕೂತಿದ್ದರು. ಗುಡ್ಡೆಯ ಬುಡದ ಮನೆಯವರು, ಐವತ್ತು ದಾಟಿದ ವಿಧವೆ. ಮೂವತ್ತು ವರ್ಷದಿಂದ ಆ ಮೂಲೆಯಲ್ಲಿ ಸೊಪ್ಪು ಕಡಿದು ತೋಟಗಳಿಗೆ ಹೊತ್ತು ಬದುಕಿದವರು. ಅಂದು ಕೈಯಲ್ಲಿ ಕತ್ತಿ ಇರಲಿಲ್ಲ. ಓಲೆಕೊಡೆ ಬಿಡಿಸಿ, ಎಲೆಅಡಿಕೆಯ ಚೀಲವನ್ನು ಮಡಿಲಲ್ಲಿಟ್ಟು, ಒಂದು ಮತ್ತಿ ಮರದ ಕುತ್ತಿಯ ಮೇಲೆ ಕೂತಿದ್ದರು.

"ಏಳಿ ಹವ್ವಮ್ಮ. ಕೆಲಸ ಆಗಬೇಕು."

"ಮಾಡಿ ಮಾರಾಯ್ರೆ. ನಾನೆಂತ ನಿಮ್ಮ ಪಿಕ್ಕಾಸು ಹಿಡಿದುಕೊಂಡಿದ್ದೇನಾ?"

"ನೀವು ಕೂತದ್ದು ಸರಕಾರದ ಜಾಗ."

"ಸರಕಾರವೂ ಬರಲಿ. ಜಾಗ ಉಂಟು." ಅವರು ಒಂದಿಷ್ಟು ಸರಿದು ಕೂತರು.

ಆಳುಗಳ ನಗು ನನ್ನ ಕಿವಿಯನ್ನು ಬಿಸಿ ಮಾಡಿತು. "ಇಲ್ಲಿ ಹೊಸ ಕಾಡು ಮಾಡುವ ಯೋಜನೆ ಇದು. ನಿಮಗೆ ಅರ್ಥ ಆಗುದಿಲ್ಲ."

"ಕಾಡು ಇಲ್ಲೇ ಉಂಟಲ್ಲ, ಮಣ್ಣಿನ ಅಡಿಯಲ್ಲಿ. ತಲೆ ಕಡಿದದ್ದು ನಾವು, ಸುಳ್ಳು ಹೇಳುದಿಲ್ಲ. ಬುಡ ಕೀಳುದು ನೀವು. ಎರಡು ವರ್ಷ ನಮ್ಮನ್ನು ಒಳಗೆ ಬಿಡಬೇಡಿ. ನೀವೂ ಬರಬೇಡಿ. ಆಮೇಲೆ ನೋಡಿ."

ಅದು ನನ್ನ ಯೋಜನೆಗಿಂತ ಒಳ್ಳೆಯ ಯೋಜನೆಯಾಗಿತ್ತು. ತನ್ನ ಅನ್ನವನ್ನೇ ಎರಡು ವರ್ಷ ಬಿಡುತ್ತೇನೆಂದು ಅವರು ಹೇಳಿದ್ದರು. ನನಗೆ ಕೇಳಿಸಿದ್ದು ಮೂವತ್ತು ಜನರ ಮುಂದೆ ಆದ ಅವಮಾನ ಮಾತ್ರ.

ನಾಲ್ಕು ದಿನ ಅವರು ಜಾಗ ಬಿಡಲಿಲ್ಲ. ಆಳುಗಳು ಯಾವ ಕಡೆಯಿಂದ ಶುರು ಮಾಡಿದರೂ ಹವ್ವಮ್ಮ ಅಲ್ಲಿಗೇ ಬಂದು ಕೂರುತ್ತಿದ್ದರು. ಹೆಂಗಸನ್ನು ಕೈ ಹಿಡಿದು ಎಬ್ಬಿಸಲು ಯಾರೂ ತಯಾರಿರಲಿಲ್ಲ. ಐದನೆಯ ದಿನ ನಾನು ಮೇಲಿನವರಿಗೆ ವರದಿ ಬರೆಯಲು ಕೂತೆ. ಕೂತುಕೊಳ್ಳುವುದು ಯಾವ ನಿಯಮದಲ್ಲೂ ಅಪರಾಧವಾಗಿರಲಿಲ್ಲ. ಹಸಿಮರ ಕಡಿಯುವುದು ಅಪರಾಧವಾಗಿತ್ತು. ಹವ್ವಮ್ಮ ಹಸಿಮರ ಕಡಿಯುವಾಗ ಸಿಕ್ಕಿಬಿದ್ದರು ಎಂದು ಬರೆದೆ.

ಸಾಕ್ಷಿಯ ಜಾಗಕ್ಕೆ ಪೋಕರನ ಹೆಬ್ಬೆಟ್ಟು ಬೇಕಿತ್ತು. ಅವನಿಗೆ ಓದು ಬಾರದು.

"ಎಂತ ಬರೆದದ್ದು ಸ್ವಾಮೀ?"

"ಹವ್ವಮ್ಮ ಗುಡ್ಡೆಯಲ್ಲಿದ್ದರು ಅಂತ."

"ಅದು ಹೌದಲ್ಲ," ಎಂದು ಅವನು ಒತ್ತಿದ.

ಮೂರು ವರ್ಷ ಪೆರ್ಮಂಜಕ್ಕೆ ಕಾಲಿಡಬಾರದೆಂದು ಹವ್ವಮ್ಮನಿಗೆ ಆಜ್ಞೆ ಬಂತು. ಪೇಟೆಯಲ್ಲಿ ಅವರಿಗೆ ಮರಕಳ್ಳಿ ಎಂದು ಹೆಸರಾಯಿತು. ಸೊಪ್ಪಿಗೆ ಅವರನ್ನು ಕರೆಯುತ್ತಿದ್ದ ತೋಟದವರಲ್ಲಿ ಹೆಚ್ಚಿನವರು ಬೇರೆಯವರನ್ನು ಕರೆದರು. ವರದಿಯಲ್ಲಿ ಏನಿತ್ತೆಂದು ಪೋಕರನಿಗೂ ತಿಳಿಯಿತು. ಅಲ್ಲಿಂದ ಮುಂದೆ ಅವನು ಯಾವ ಕಾಗದ ಕೊಟ್ಟರೂ ಬೇರೆಯವರಿಂದ ಓದಿಸಿಕೊಂಡೇ ಹೆಬ್ಬೆಟ್ಟು ಒತ್ತುತ್ತಿದ್ದ.

ಅಷ್ಟರಲ್ಲಿ ಮಳೆ ಹತ್ತಿರವಾಗಿ, ಪಡುಮೂಲೆಯ ಹತ್ತು ಎಕರೆಯನ್ನು ಅಗೆಯದೆ ಬಿಟ್ಟೆ. ನೆಲದ ಮೇಲೆ ಬಿಟ್ಟದ್ದು, ನಕ್ಷೆಯಲ್ಲಿ ಬಿಡಲಿಲ್ಲ. ಅರವತ್ತು ಎಕರೆಗೂ ಹಸಿರು ಪೆನ್ಸಿಲು ಹಚ್ಚಿ, ಹೊನ್ನೆ, ಮತ್ತಿ, ತೇಗ ನೆಡಲಾಗಿದೆ ಎಂದು ಬರೆದು ಕಳುಹಿಸಿದೆ.

ಜೂನಿನಲ್ಲಿ ಅಗೆದ ಐವತ್ತು ಎಕರೆಯ ಮಣ್ಣು ನೀರಿನ ಜೊತೆ ಇಳಿಯಿತು. ಹಿಡಿದುಕೊಳ್ಳಲು ಬೇರಿರಲಿಲ್ಲ. ಆಗಸ್ಟಿನ ಹೊತ್ತಿಗೆ ಅಡಿಯ ಕೆಂಪು ಮುರಕಲ್ಲು ಹೊರಗೆ ಕಾಣಿಸಿತು. ಸಸಿಗಳು ಹಳದಿಯಾಗಿ, ಒಂದೊಂದೇ ಒಣಗಿದವು. ಮರುವರ್ಷ ಮತ್ತೆ ನೆಟ್ಟೆ. ಅವೂ ಒಣಗಿದವು. ಪಡುಮೂಲೆಯಲ್ಲಿ ಮಾತ್ರ, ಯಾರೂ ಮುಟ್ಟದ ಕುತ್ತಿಗಳಿಂದ ಕುಡಿಗಳು ಎದ್ದವು. ಮತ್ತಿ, ಹೊನ್ನೆ, ನೇರಳೆ, ಕಿರಾಲುಬೋಗಿ. ಮೂರನೆಯ ಮಳೆ ಮುಗಿದಾಗ ಅದರೊಳಗೆ ಹೋದ ದನ ಹೊರಗೆ ಕಾಣುತ್ತಿರಲಿಲ್ಲ.

1961ರ ಜನವರಿಯಲ್ಲಿ ಹೊಸ ಸಾಹೇಬರು ಉದಯಶಂಕರ ಅವರು ನೋಡಲು ಬಂದರು. ನಾನು ಅವರನ್ನು ಪಡುಮೂಲೆಯ ದಾರಿಯಿಂದಲೇ ಕರೆದುಕೊಂಡು ಬಂದೆ. ಬೇಕೆಂದೇ. ಅವರು ಜೀಪಿನಿಂದ ಇಳಿದು, ರಸ್ತೆಯಲ್ಲೇ ನಿಂತು ನೋಡಿದರು. ಒಳಗೆ ಹತ್ತು ಹೆಜ್ಜೆ ಇಟ್ಟಿದ್ದರೆ, ಒಂದೊಂದು ಹಳೆಯ ಬುಡದಿಂದ ನಾಲ್ಕೈದು ಕಾಂಡ ಎದ್ದದ್ದು ಅವರಿಗೆ ಗೊತ್ತಾಗುತ್ತಿತ್ತು. ಅವರಿಗೆ ಸುಬ್ರಹ್ಮಣ್ಯಕ್ಕೆ ಹೋಗುವ ಅವಸರವಿತ್ತು.

"ಮೂರು ವರ್ಷದಲ್ಲಿ ಇಷ್ಟು! ಭಲೇ ಧರ್ಮಪಾಲ್. ಬೊಳ್ಳಾಜೆ ಗುಡ್ಡೆ ಇನ್ನೂರು ಎಕರೆ ಉಂಟಲ್ಲ, ಅಲ್ಲಿಯೂ ಇದೇ ಕ್ರಮ. ಕುರುಚಲು ಪೂರ ಕೀಳಿಸಿ. ಬರುವ ತಿಂಗಳು ಶುರು ಮಾಡಿ."

"ಆಯ್ತು ಸರ್," ಎಂದೆ. ಅಷ್ಟು ಬೇಗ ಬಾಯಿಗೆ ಬಂತು ಅದು.

ಜೀಪು ಹೋದ ಮೇಲೆ ಪೋಕರ್ ಬೀಡಿ ಹಚ್ಚಿದ. "ಆಳುಗಳಿಗೆ ಹೇಳುದಾ ಸ್ವಾಮೀ?"

ನಾನು ಅಂಗಿಯ ಮೇಲೆ ಕೂತ ಜೀಪಿನ ಧೂಳು ಕೊಡವಿದೆ.

"ಹವ್ವಮ್ಮ ಈಗ ಸೊಪ್ಪಿಗೆ ಹೋಗುದು ಬೊಳ್ಳಾಜೆಗೇ. ಇಲ್ಲಿಗೆ ಬಿಡುದಿಲ್ಲವಲ್ಲ. ಪಾಪ, ಪ್ರಾಯ ಆಯ್ತು. ಇನ್ನೂರು ಎಕರೆಯಲ್ಲಿ ಎಲ್ಲೆಲ್ಲಿ ಅಂತ ಕೂತುಕೊಳ್ಳುದು?"

ಮರುದಿನ ಬೆಳಿಗ್ಗೆ ನಾನು ಹವ್ವಮ್ಮನ ಮನೆಗೆ ಹೋದೆ. ತಪ್ಪಾಯಿತೆಂದು ಹೇಳಿದರೆ ಎದೆ ಹಗುರಾಗಬಹುದೆಂಬ ಆಸೆಯಿತ್ತು. ಅವರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ, ಕೂರೆಂದು ಹೇಳಲೂ ಇಲ್ಲ.

"ಹವ್ವಮ್ಮ, ನನ್ನಿಂದ ತಪ್ಪಾಗಿದೆ."

"ಯಾವುದು? ತುಂಬ ಉಂಟಲ್ಲ."

ನಾನು ಬೊಳ್ಳಾಜೆಯ ವಿಷಯ ಹೇಳಿದೆ. ಸಾಹೇಬರು ಹೊಗಳಿದ್ದನ್ನೂ, ಆಯ್ತು ಎಂದದ್ದನ್ನೂ ಹೇಳಿದೆ. ಅವರ ಕೈ ನಿಂತಿತು.

"ಯಾ ಅಲ್ಲಾ! ಇದನ್ನು ನನ್ನ ಹತ್ತಿರ ಹೇಳುದಾ? ನಾನೆಂತ ಆರ್ಡರ್ ಕೊಡುವವಳಾ?"

"ಕ್ಷಮಿಸಿ."

"ಕ್ಷಮಿಸುದು ಸುಲಭ ಮಾರಾಯ್ರೆ, ಅದಕ್ಕೆ ಕಾಗದ ಬೇಡ. ಕಳ್ಳಿ ಅಂದದ್ದು ಕಾಗದದಲ್ಲಿ. ನಾನು ಕಡಿಯಲಿಲ್ಲ, ಕೂತದ್ದು. ಹಾಗೆ ಬರೆಯಿರಿ. ನೀವು ಸಂಜೆ ಶಾಲೆಗೆ ಹೋದವರಂತೆ. ಬರೆಯಲಿಕ್ಕೆ ಬರುತ್ತದಲ್ಲ?"

ಅಂದೇ ಬರೆದೆ. ನಾಲ್ಕು ಪುಟ. ಕುತ್ತಿ ಕಿತ್ತದ್ದು, ಮಣ್ಣು ಹೋದದ್ದು, ನಕ್ಷೆಯ ಸುಳ್ಳು, ಪೋಕರನಿಗೆ ಹೇಳಿದ ಸುಳ್ಳು, ಹವ್ವಮ್ಮ ಕೂತದ್ದರಿಂದಲೇ ಹತ್ತು ಎಕರೆ ಉಳಿದದ್ದು. ಒಂದನ್ನೂ ಬಿಡಲಿಲ್ಲ. ಪುತ್ತೂರಿಗೆ ಹೋಗಿ ಉದಯಶಂಕರರ ಕೈಗೇ ಕೊಟ್ಟೆ. ಅವರು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇದು ಕಡತಕ್ಕೆ ಹೋದರೆ ನಿಮ್ಮ ಕೆಲಸ ಹೋಗುತ್ತದೆ. ಗೊತ್ತುಂಟಾ?"

"ಗೊತ್ತುಂಟು ಸರ್."

"ನಾನು ನಿನ್ನೆಯೇ ಮೇಲೆ ಬರೆದಾಗಿದೆ, ಪೆರ್ಮಂಜ ಒಳ್ಳೆಯದಾಗಿದೆ ಅಂತ. ನನ್ನದೂ ಮರ್ಯಾದೆ ಹೋಗುತ್ತದೆ." ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು. "ಬೊಳ್ಳಾಜೆಯಲ್ಲಿ ಕೀಳುದು ಬೇಡ, ಅಷ್ಟೇ ಅಲ್ವಾ ನಿಮಗೆ ಬೇಕಾದ್ದು? ಆಳು ಸಿಗುದಿಲ್ಲ ಅಂತ ಬರೆಯುವ. ಅರ್ಧ ಗುಡ್ಡೆ ಬಂದ್ ಮಾಡಿ, ಅರ್ಧದಲ್ಲಿ ಸೊಪ್ಪು ತೆಗೆಯಲಿ. ಆ ಹೆಂಗಸಿನ ಮೂರು ವರ್ಷವೂ ಮುಗಿಯುತ್ತಾ ಬಂತು. ಇದನ್ನು ಹಿಂದೆ ತೆಗೆದುಕೊಳ್ಳಿ."

ಗುಡ್ಡೆ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ಕಾಗದವನ್ನು ಎತ್ತಿಕೊಂಡ ಕೈಗೆ ಗುಡ್ಡೆಯ ನೆನಪಿರಲಿಲ್ಲ. ಮತ್ತೆ ಜವಳಿ ಅಂಗಡಿಯ ಗಜಕೋಲು ಹಿಡಿಯಬೇಕಾದೀತು ಎಂಬ ಹೆದರಿಕೆಯಲ್ಲಿ ಅದು ಎತ್ತಿಕೊಂಡಿತು. ನಾಲ್ಕು ಪುಟವನ್ನೂ ಮಡಚಿ ಜೇಬಿಗೆ ಹಾಕಿಕೊಂಡೆ.

ಏಪ್ರಿಲಿನಲ್ಲಿ ಬೊಳ್ಳಾಜೆಯ ಕೆಲಸ ಶುರುವಾಯಿತು. ಒಬ್ಬ ಕೀಳುವವನೂ ಇರಲಿಲ್ಲ. ಅರ್ಧಕ್ಕೆ ಬೇಲಿ ಕಟ್ಟಿದೆವು. ಇನ್ನರ್ಧದಲ್ಲಿ ಸೊಪ್ಪು ಕಡಿಯುವ ಹೆಂಗಸರನ್ನೆಲ್ಲ ಒಟ್ಟು ಸೇರಿಸಿ, ಪ್ರತಿ ಕುತ್ತಿಯಲ್ಲಿ ಒಂದು ಕುಡಿಯನ್ನು ಹೇಗೆ ಬಿಡಬೇಕೆಂದು ತೋರಿಸಲು ಹವ್ವಮ್ಮನನ್ನು ಕರೆಸಿದೆ. ಮೊದಲಿನಿಂದಲೂ ಅವರು ಹಾಗೆಯೇ ಕಡಿಯುತ್ತಿದ್ದರಂತೆ, ಅವರು ಬಿಟ್ಟ ಕುಡಿಯನ್ನು ಬೇರೆಯವರು ಕಡಿದು ಒಯ್ಯುತ್ತಿದ್ದರಂತೆ. ನಾನು ಒಂದು ದಿನವೂ ಕೇಳಿರಲಿಲ್ಲ.

ಹವ್ವಮ್ಮ ಒಳ್ಳೆಯ ಬಿಳಿ ತಟ್ಟ ಹೊದೆದು ಬಂದಿದ್ದರು. ಸೆರಗಿನಂತೆ ತಲೆ ಮೇಲಿದ್ದ ಆ ಬಟ್ಟೆಯನ್ನು ಸರಿಮಾಡಿಕೊಂಡು ಹೆಂಗಸರ ಮುಂದೆ ನಿಂತು ಜೋರಾಗಿ ಹೇಳಿದರು:

"ಕೇಳಿ. ನನ್ನ ಮೇಲೆ ಸುಳ್ಳು ಬರೆದದ್ದು ಇವರೇ. ನನ್ನನ್ನು ಕಳ್ಳಿ ಮಾಡಿದ್ದು ಇವರೇ. ಆಮೇಲೆ ಅದು ಸುಳ್ಳು ಅಂತ ಆಫೀಸಿಗೆ ಹೋಗಿ ಬರೆದು ಕೊಟ್ಟದ್ದೂ ಇವರೇ. ಇಲ್ಲದಿದ್ದರೆ ಈ ಗುಡ್ಡೆ ಉಳಿಯುತ್ತಿತ್ತಾ? ನನ್ನನ್ನು ಇಲ್ಲಿಗೆ ಕರೆಯುತ್ತಿದ್ದರಾ? ಕೆಲಸದಲ್ಲಿರುವವರು ಹಾಗೆ ಮಾಡುದನ್ನು ನೀವು ಎಲ್ಲಿಯಾದರೂ ನೋಡಿದ್ದುಂಟಾ?"

ಹೆಂಗಸರು ನನ್ನನ್ನು ನೋಡಿದರು. ಪೋಕರನೂ ನೋಡಿದ, ಮೂರು ವರ್ಷದಲ್ಲಿ ಮೊದಲ ಸಲ ನೇರವಾಗಿ.

"ಬರೆದಿರಲ್ವಾ?" ಎಂದು ಹವ್ವಮ್ಮ ನನ್ನ ಕಡೆ ತಿರುಗಿದರು.

"ಬರೆದೆ," ಎಂದೆ. ಬರೆದದ್ದು ನಿಜ.

"ಕೇಳಿದಿರಲ್ಲ," ಎಂದು ಅವರು ಒಂದು ಹೊನ್ನೆ ಕುತ್ತಿಯ ಹತ್ತಿರ ಬಗ್ಗಿ, ಕತ್ತಿಯ ತುದಿಯಿಂದ ಒಂದು ಕುಡಿಯನ್ನು ಬೇರೆ ಮಾಡಿ ಹಿಡಿದರು. "ನೀವೂ ಹತ್ತಿರ ಬನ್ನಿ ಮಾರಾಯ್ರೆ. ಅಲ್ಲಿಂದ ಕಾಣುದಿಲ್ಲ."

ನಾನು ಹೋಗಿ ಹೆಂಗಸರ ಹಿಂದೆ ನಿಂತೆ. ಆ ಹೆಂಗಸರು ನನಗೆ ದಾರಿ ಬಿಟ್ಟು ಮುಂದೆ ನಿಲ್ಲಿಸಿದರು.